ರಕ್ತದ ನೀರುಗಂಟಿಗಳು: ಪ್ಲೇಟ್‌ಲೆಟ್ ಮತ್ತು ನಮ್ಮ ಉಸಿರು

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸರ್ಕಾರಿ ಶಾಲೆಯೊಂದು 50 ವರ್ಷ ತುಂಬಿಸಿ ತಲೆ ಎತ್ತಿ ನಿಂತಿದೆ ಎಂದರೆ ಅದು ಸಣ್ಣ ಮಾತಲ್ಲ. ಈ ಸಂಭ್ರಮದಲ್ಲಿ ಮಾತನಾಡಲು ಕರೆದ ಸಮಿತಿಗೆ ನಾನು ಋಣಿ. ‘ಆರೋಗ್ಯದ ಬಗ್ಗೆ ಏನಾದರೂ ಹೇಳಿ, ಆದರೆ ಎಲ್ಲರಿಗೂ ಅರ್ಥವಾಗಬೇಕು’ ಎಂದು ಕೇಳಿಕೊಂಡಿದ್ದಾರೆ. ನಾನು ರೋಗಿಯ ನಾಡಿ ಹಿಡಿದು ಔಷಧಿ ಬರೆಯುವ ವೈದ್ಯನಲ್ಲ. ಅವರ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವವನು. ಹಾಗಾಗಿ ನನಗೆ ಚೆನ್ನಾಗಿ ಪರಿಚಯವಿರುವ, ನಿಮಗೂ ಈಗ ಹೆಸರಿನಿಂದ ಪರಿಚಯವಾಗಿರುವ ಒಂದು ಕಣದ ಬಗ್ಗೆ ಮಾತನಾಡುತ್ತೇನೆ. ಅದೇ ಪ್ಲೇಟ್‌ಲೆಟ್. ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಕಿರುತಟ್ಟೆ ಎಂಬ ಚಂದದ ಹೆಸರಿದೆ.

ಹೆಸರು ಗೊತ್ತು, ಕೆಲಸ ಗೊತ್ತಿಲ್ಲ

ಇಪ್ಪತ್ತು ವರ್ಷದ ಹಿಂದೆ ನಂಜನಗೂಡಿನ ಸಂತೆಯಲ್ಲಾಗಲಿ ತಿ. ನರಸೀಪುರದ ಬಸ್ ನಿಲ್ದಾಣದಲ್ಲಾಗಲಿ ಪ್ಲೇಟ್‌ಲೆಟ್ ಎಂಬ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಈಗ ಜ್ವರ ಬಂದ ಮನೆಗೆ ನೋಡಲು ಹೋದವರು ಮೊದಲು ಕೇಳುವುದೇ ‘ಪ್ಲೇಟ್‌ಲೆಟ್ ಎಷ್ಟಿದೆಯಂತೆ?’ ಎಂದು. ಇದಕ್ಕೆ ಕಾರಣ ಡೆಂಗಿ. 2024ರಲ್ಲಂತೂ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಬೇಕಾಯಿತು. ಜನರ ಮನಸ್ಸಿನಲ್ಲಿ ಎರಡು ಸಂಗತಿಗಳು ಗಟ್ಟಿಯಾಗಿ ಕೂತುಬಿಟ್ಟಿವೆ. ಒಂದು, ಪ್ಲೇಟ್‌ಲೆಟ್ ಇಳಿದರೆ ಡೆಂಗಿ. ಎರಡು, ಅದು ಏರಿತೆಂದರೆ ಕಾಯಿಲೆ ವಾಸಿ. ಈ ಎರಡೂ ಅರ್ಧ ಸತ್ಯಗಳು. ಅರ್ಧ ಸತ್ಯದಿಂದ ಒಮ್ಮೊಮ್ಮೆ ಪ್ರಾಣಕ್ಕೇ ಅಪಾಯ ಬರುತ್ತದೆ. ಅದು ಹೇಗೆಂದು ಹೇಳುವುದೇ ಇವತ್ತಿನ ನನ್ನ ಉದ್ದೇಶ.

ಮೊದಲು ಕಣದ ಪರಿಚಯ ಮಾಡಿಕೊಳ್ಳೋಣ. ಒಂದು ಕೆಂಪು ರಕ್ತಕಣದ ಅಗಲ 7ರಿಂದ 8 ಮೈಕ್ರೋಮೀಟರ್. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಮೀಟರ್. ಕಿರುತಟ್ಟೆಯ ಅಗಲ ಬರೀ 2ರಿಂದ 3. ಇದಕ್ಕೆ ಕೋಶಕೇಂದ್ರವೇ ಇಲ್ಲ. ಮೂಳೆಯ ಒಳಗಿನ ಮಜ್ಜೆಯಲ್ಲಿ ದೈತ್ಯಕೋಶಗಳಿರುತ್ತವೆ. ಹಿಟ್ಟಿನ ಮುದ್ದೆಯಿಂದ ಚೂರು ಚೂರು ಮುರಿದಂತೆ ಆ ಕೋಶಗಳ ಮೈಯಿಂದ ಕಿರುತಟ್ಟೆಗಳು ಕಳಚಿ ರಕ್ತಕ್ಕೆ ಬೀಳುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಒಂದು ಹನಿಯ ಸುಮಾರು ಐವತ್ತರಲ್ಲಿ ಒಂದು ಪಾಲಿನಲ್ಲಿ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಕಿರುತಟ್ಟೆಗಳಿರುವುದು ಸಹಜ. ಒಂದೊಂದರ ಆಯಸ್ಸು 7ರಿಂದ 10 ದಿನ. ಸಾಯುವವುಗಳ ಜಾಗ ತುಂಬಲು ನಮ್ಮ ದೇಹ ಪ್ರತಿದಿನ ಸುಮಾರು 10,000 ಕೋಟಿ ಹೊಸ ಕಿರುತಟ್ಟೆಗಳನ್ನು ಮಾಡುತ್ತದೆ.

1882ರಲ್ಲಿ ಇಟಲಿಯ ಜೂಲಿಯೋ ಬಿಜೊಜೆರೋ ಎಂಬ ವಿಜ್ಞಾನಿ ಈ ಕಣಗಳನ್ನು ವಿವರವಾಗಿ ಬಣ್ಣಿಸಿದರು. ರಕ್ತನಾಳಕ್ಕೆ ಗಾಯವಾದ ಕಡೆ ಇವು ಗುಂಪುಗೂಡಿ ಅಂಟಿಕೊಳ್ಳುವುದನ್ನು ಕಣ್ಣಾರೆ ಕಂಡರು. 1906ರಲ್ಲಿ ಅಮೆರಿಕದ ಜೇಮ್ಸ್ ಹೋಮರ್ ರೈಟ್ ಇವು ಮಜ್ಜೆಯ ದೈತ್ಯಕೋಶಗಳಿಂದ ಹುಟ್ಟುತ್ತವೆ ಎಂದು ತೋರಿಸಿದರು. ಅಲ್ಲಿಂದ ಮುಂದೆ ಬಹುಕಾಲ ನಮ್ಮ ಪುಸ್ತಕಗಳಲ್ಲಿ ಇದ್ದದ್ದು ಒಂದೇ ಸಾಲು: ಕಿರುತಟ್ಟೆಗಳು ರಕ್ತ ಹೆಪ್ಪುಗಟ್ಟಲು ನೆರವಾಗುತ್ತವೆ. ಪರೀಕ್ಷೆಯಲ್ಲಿ ನಾವೆಲ್ಲ ಅದನ್ನೇ ಬರೆದು ಅಂಕ ತೆಗೆದುಕೊಂಡೆವು. ಅದು ಸರಿಯಾದ ಉತ್ತರವೇ, ಆದರೆ ಪೂರ್ತಿ ಉತ್ತರವಲ್ಲ.

ನೀರುಗಂಟಿಯ ಕೆಲಸ

ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆ, ತಲಕಾಡಿನ ಮಾಧವಮಂತ್ರಿ ಅಣೆಕಟ್ಟೆಯ ನಾಲೆ, ಇವುಗಳ ಕೆಳಗೆ ಗದ್ದೆ ಮಾಡುವವರಿಗೆ ನೀರುಗಂಟಿ ಯಾರೆಂದು ನಾನು ಹೇಳಬೇಕಾಗಿಲ್ಲ. ಹೆಗಲ ಮೇಲೆ ಗುದ್ದಲಿ ಹೊತ್ತು ನಾಲೆಯ ಏರಿಯ ಮೇಲೆ ಹಗಲಿರುಳು ತಿರುಗುವ ಮನುಷ್ಯ. ಏರಿ ಎಲ್ಲಿ ಬಾಯಿ ಬಿಟ್ಟಿದೆಯೋ ಅಲ್ಲಿ ಮಣ್ಣು ಮೆತ್ತಿ ಮುಚ್ಚುವುದು ಅವನ ಕೆಲಸ. ಆದರೆ ಅವನು ಅಷ್ಟನ್ನೇ ಮಾಡುತ್ತಾನೆಯೇ? ರಾತ್ರಿ ಹೊತ್ತು ಗದ್ದೆಗೆ ಹಂದಿ ನುಗ್ಗಿದರೆ ಮೊದಲು ಕಾಣುವುದು ಅವನಿಗೇ. ಕೂಗು ಹಾಕಿ ಊರನ್ನು ಎಬ್ಬಿಸುವವನೂ ಅವನೇ. ಊರಿನವರು ದೊಣ್ಣೆ ಹಿಡಿದು ಬರುವವರೆಗೆ ಹಂದಿಯನ್ನು ಒಂದು ಮೂಲೆಗೆ ತರುಬಿ ನಿಲ್ಲಿಸುವವನೂ ಅವನೇ.

ಕಿರುತಟ್ಟೆ ನಮ್ಮ ರಕ್ತದ ನೀರುಗಂಟಿ. ಸೋರುವ ಕಡೆ ಮುಚ್ಚುವ ಕೆಲಸ ಎಲ್ಲರಿಗೂ ಗೊತ್ತಿತ್ತು. ಕೂಗು ಹಾಕುವ, ತರುಬಿ ನಿಲ್ಲಿಸುವ ಕೆಲಸಗಳು ಈಚಿನ ದಶಕಗಳಲ್ಲಿ ಸ್ಪಷ್ಟವಾಗಿ ಗೊತ್ತಾಗಿವೆ. ಈ ಕೆಲಸ ಬಹಳ ಮುಖ್ಯವಾಗಿ ನಡೆಯುವ ಜಾಗಗಳಲ್ಲಿ ನಮ್ಮ ಶ್ವಾಸಕೋಶ ಒಂದು.

ಶ್ವಾಸಕೋಶವೇ ಏಕೆ? ನಾವು ದಿನಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೇವೆ. ಅದರ ಜೊತೆ ಧೂಳು, ಹೊಗೆ, ಸೂಕ್ಷ್ಮಜೀವಿ ಎಲ್ಲವೂ ಬರುತ್ತವೆ. ಎದೆಯೊಳಗೆ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಿವೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಈರುಳ್ಳಿಯ ಒಳಪೊರೆಗಿಂತಲೂ ತೆಳುವು. ಹೃದಯದ ಬಲಭಾಗದಿಂದ ಹೊರಟ ರಕ್ತವೆಲ್ಲ, ನಿಮಿಷಕ್ಕೆ ಸುಮಾರು 5 ಲೀಟರ್, ಈ ತೆಳುಗೋಡೆಯ ಪಕ್ಕದಲ್ಲೇ ಹರಿದುಹೋಗಬೇಕು. ಬಾಗಿಲು ಇಷ್ಟು ಅಗಲವಾಗಿ ತೆರೆದಿರುವ ಮನೆಗೆ ಕಾವಲು ಗಟ್ಟಿಯಾಗಿರಲೇಬೇಕಲ್ಲ?

2017ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಂದು ಅಚ್ಚರಿಯ ಸಂಗತಿ ಪ್ರಕಟಿಸಿದರು. ಜೀವಂತ ಇಲಿಯ ಶ್ವಾಸಕೋಶದ ಒಳಗನ್ನು ವಿಶೇಷ ಸೂಕ್ಷ್ಮದರ್ಶಕದಿಂದ ನೋಡಿದಾಗ, ಮಜ್ಜೆಯಿಂದ ಹೊರಟ ದೈತ್ಯಕೋಶಗಳು ಶ್ವಾಸಕೋಶದ ಕಿರುನಾಳಗಳಿಗೆ ಬಂದು ಅಲ್ಲೇ ಕಿರುತಟ್ಟೆಗಳನ್ನು ಉದುರಿಸುತ್ತಿದ್ದವು. ಗಂಟೆಗೆ ಒಂದು ಕೋಟಿಗೂ ಹೆಚ್ಚು! ಇಲಿಯ ಒಟ್ಟು ಕಿರುತಟ್ಟೆಗಳಲ್ಲಿ ಸುಮಾರು ಅರ್ಧದಷ್ಟು ಶ್ವಾಸಕೋಶದಲ್ಲೇ ತಯಾರಾಗುತ್ತವೆ ಎಂದು ಅವರು ಲೆಕ್ಕ ಹಾಕಿದರು. ಮನುಷ್ಯರಲ್ಲಿ ಪಾಲು ಎಷ್ಟೇ ಇರಲಿ, ಶ್ವಾಸಕೋಶಕ್ಕೂ ಕಿರುತಟ್ಟೆಗೂ ನಂಟು ಎಷ್ಟು ಹತ್ತಿರದ್ದು ಎಂಬುದಕ್ಕೆ ಇದೊಂದು ಸಾಕ್ಷಿ.

ಬ್ಯಾಕ್ಟೀರಿಯಾ ಬಂದಾಗ ನಡೆಯುವುದೇನು?

ನ್ಯುಮೋನಿಯಾ ಎಂದರೆ ಗಾಳಿಚೀಲಗಳಲ್ಲಿ ಸೋಂಕು ತುಂಬಿ, ಗಾಳಿ ಇರಬೇಕಾದ ಕಡೆ ಕೀವು, ನೀರು ನಿಲ್ಲುವುದು. ವೈರಸ್ಸಿನಿಂದಲೂ ಬರಬಹುದು, ಬ್ಯಾಕ್ಟೀರಿಯಾದಿಂದಲೂ ಬರಬಹುದು. ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ನ್ಯುಮೋಕಾಕಸ್. ಕ್ಲೆಬ್ಸಿಯೆಲ್ಲಾ ಎಂಬುದು ಇನ್ನೊಂದು. ಮಧುಮೇಹ ಇರುವವರಲ್ಲಿ, ಕುಡಿತದ ಚಟ ಇರುವವರಲ್ಲಿ ಇದರ ಕಾಟ ಹೆಚ್ಚು.

ಬ್ಯಾಕ್ಟೀರಿಯಾ ಒಳಗೆ ಬಂದಾಗ ಕಿರುತಟ್ಟೆ ಮಾಡುವ ಕೆಲಸಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಗುರುತು ಹಿಡಿಯುವುದು. ಕಿರುತಟ್ಟೆಯ ಮೈಮೇಲೆ ಬ್ಯಾಕ್ಟೀರಿಯಾದ ಹೊರಪೊರೆಯ ಅಂಶಗಳನ್ನು ಗುರುತಿಸುವ ಗ್ರಾಹಕಗಳಿವೆ. ಬಂದವನು ನಮ್ಮವನೋ ಪರಕೀಯನೋ ಎಂದು ಅದಕ್ಕೆ ತಿಳಿಯುತ್ತದೆ.

ಎರಡನೆಯದು ಕೂಗು ಹಾಕುವುದು. ಕಿರುತಟ್ಟೆಯ ಹೊಟ್ಟೆಯಲ್ಲಿ ಸಣ್ಣ ಸಣ್ಣ ಚೀಲಗಳಿವೆ. ಎಚ್ಚರಗೊಂಡ ಕೂಡಲೇ ಅವು ಒಡೆದು ಹತ್ತಾರು ಬಗೆಯ ರಾಸಾಯನಿಕಗಳನ್ನು ಹೊರಗೆ ಬಿಡುತ್ತವೆ. ಆ ಸುಳಿವು ಹಿಡಿದು ಬಿಳಿ ರಕ್ತಕಣಗಳು ಓಡಿಬರುತ್ತವೆ. ಆ ರಾಸಾಯನಿಕಗಳಲ್ಲಿ ಕೆಲವಕ್ಕೆ ಬ್ಯಾಕ್ಟೀರಿಯಾವನ್ನು ನೇರವಾಗಿ ಕೊಲ್ಲುವ ಶಕ್ತಿಯೂ ಇದೆ.

ಮೂರನೆಯದು ಬಲೆ ಬೀಸಿಸುವುದು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮೊಳಗಿನ ಡಿ.ಎನ್.ಎ. ಎಳೆಗಳನ್ನೇ ಹೊರಗೆ ಚೆಲ್ಲಿ ಬಲೆಯಂತೆ ಹರಡುತ್ತವೆ ಎಂಬುದು 2004ರಲ್ಲಿ ಗೊತ್ತಾಯಿತು. ಕಪಿಲೆಯಲ್ಲಿ ಮೀನಿಗೆ ಬಲೆ ಹಾಕಿದ ಹಾಗೆ ಅದರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಬೀಳುತ್ತವೆ. 2007ರಲ್ಲಿ ಕೆನಡಾದ ವಿಜ್ಞಾನಿಗಳು ಇನ್ನೊಂದು ಗುಟ್ಟು ಬಿಡಿಸಿದರು. ರಕ್ತಕ್ಕೆ ನಂಜೇರಿದಾಗ ‘ಈಗ ಬಲೆ ಬೀಸು’ ಎಂದು ನ್ಯೂಟ್ರೋಫಿಲ್‌ಗೆ ಸೂಚನೆ ಕೊಡುವುದು ಅದಕ್ಕೆ ಬಂದು ಅಂಟಿಕೊಳ್ಳುವ ಕಿರುತಟ್ಟೆ!

ನಾಲ್ಕನೆಯದು ತರುಬಿ ನಿಲ್ಲಿಸುವುದು. ಕಿರುತಟ್ಟೆಗಳು ಹರಿಯುವ ರಕ್ತದಲ್ಲಿ ತೇಲುವುದಷ್ಟೇ ಅಲ್ಲ, ತಾವಾಗಿಯೇ ತೆವಳಿಕೊಂಡು ಹೋಗಬಲ್ಲವು ಎಂದು 2017ರಲ್ಲಿ ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು ತೋರಿಸಿದರು. ಹಾಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳನ್ನು ಕಸ ಗುಡಿಸಿದಂತೆ ಒಟ್ಟು ಮಾಡಿ ಕಟ್ಟು ಕಟ್ಟಿ, ಬಿಳಿ ರಕ್ತಕಣಗಳ ಕೈಗೆ ಒಪ್ಪಿಸುತ್ತವೆ.

ಐದನೆಯದು ಹಳೆಯ ಕೆಲಸವೇ, ಆದರೆ ಹೊಸ ಜಾಗದಲ್ಲಿ. ಬಿಳಿ ರಕ್ತಕಣಗಳು ರಕ್ತನಾಳದ ಗೋಡೆ ತೂರಿಕೊಂಡು ಗಾಳಿಚೀಲದ ಕಡೆ ಹೋಗುವಾಗ ಗೋಡೆಯಲ್ಲಿ ಸಣ್ಣ ಕಂಡಿಗಳಾಗುತ್ತವೆ. ಅವನ್ನು ಹಿಂದೆಯೇ ಬಂದು ಮುಚ್ಚುವವು ಕಿರುತಟ್ಟೆಗಳು. ಅವಿಲ್ಲದಿದ್ದರೆ ಶ್ವಾಸಕೋಶದೊಳಗೇ ರಕ್ತ ಜಿನುಗುತ್ತದೆ.

ಇದಕ್ಕೆ ಪುರಾವೆ ಏನು ಎಂದು ಮಕ್ಕಳು ಕೇಳಬೇಕು. ವಿಜ್ಞಾನ ಕಲಿಯುವವರು ಕೇಳಲೇಬೇಕಾದ ಪ್ರಶ್ನೆ ಅದು. 2014ರಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಲಿಗಳ ಕಿರುತಟ್ಟೆಗಳನ್ನು ತೀರಾ ಕಡಿಮೆ ಮಾಡಿ, ಕ್ಲೆಬ್ಸಿಯೆಲ್ಲಾ ನ್ಯುಮೋನಿಯಾ ಬರುವಂತೆ ಮಾಡಿ ನೋಡಿದರು. ಸಹಜ ಎಣಿಕೆಯ ಇಲಿಗಳಿಗಿಂತ ಈ ಇಲಿಗಳು ಹೆಚ್ಚಾಗಿ ಸತ್ತವು. ಅವುಗಳ ಶ್ವಾಸಕೋಶದಲ್ಲೂ ರಕ್ತದಲ್ಲೂ ಬ್ಯಾಕ್ಟೀರಿಯಾ ಹೆಚ್ಚು ಬೆಳೆದಿದ್ದವು. ಮರುವರ್ಷ ನ್ಯುಮೋಕಾಕಸ್ ಇಟ್ಟುಕೊಂಡು ಮಾಡಿದ ಪ್ರಯೋಗದಲ್ಲೂ ಕಿರುತಟ್ಟೆ ಕಡಿಮೆಯಾದಾಗ ರಕ್ಷಣೆ ಸೊರಗಿದ್ದು ಕಂಡಿತು.

ಇಲಿಯ ಮಾತಾಯಿತು, ಮನುಷ್ಯರದ್ದು? ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 500 ಜನರ ದಾಖಲೆ ನೋಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸೇರಿದ ದಿನವೇ ಕಿರುತಟ್ಟೆ ಒಂದು ಲಕ್ಷಕ್ಕಿಂತ ಕಡಿಮೆ ಇದ್ದವರಲ್ಲೂ, ನಾಲ್ಕು ಲಕ್ಷ ಮೀರಿದವರಲ್ಲೂ ಸಾವಿನ ಸಂಭವ ಹೆಚ್ಚಿತ್ತು. ಸೋಂಕು ಎಂದರೆ ನಾವೆಲ್ಲ ಮೊದಲು ನೋಡುವುದು ಬಿಳಿ ರಕ್ತಕಣದ ಎಣಿಕೆಯನ್ನು. ಆದರೆ ರೋಗಿಯ ಮುಂದಿನ ಗತಿಯ ಬಗ್ಗೆ ಅದಕ್ಕಿಂತ ಒಳ್ಳೆಯ ಸುಳಿವು ಕೊಟ್ಟಿದ್ದು ಕಿರುತಟ್ಟೆಯ ಎಣಿಕೆ.

ಕಾವಲುಗಾರನ ಅತಿರೇಕ

‘ಕಡಿಮೆಯಾದರೆ ಅಪಾಯ ಸರಿ, ಹೆಚ್ಚಾದರೆ ಏಕೆ ಅಪಾಯ?’ ಎಂದು ನೀವು ಕೇಳಬಹುದು. ನೀರುಗಂಟಿ ಎಲ್ಲ ಕಂಡಿಗೂ ಮಣ್ಣು ಮೆತ್ತುತ್ತಾ ಹೋದರೆ ನಾಲೆಯೇ ಕಟ್ಟಿಕೊಳ್ಳುತ್ತದೆ. ಸೋಂಕು ಮಿತಿ ಮೀರಿದಾಗ ಕಿರುತಟ್ಟೆಗಳೂ ಮಿತಿ ಮೀರುತ್ತವೆ. ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ, ಉರಿಯೂತ ಕೆರಳುತ್ತದೆ, ಶ್ವಾಸಕೋಶದ ಅಂಗಾಂಶಕ್ಕೇ ಏಟು ಬೀಳುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕ್ಷಯ. ಅದೂ ಬ್ಯಾಕ್ಟೀರಿಯಾದಿಂದ ಬರುವ ಶ್ವಾಸಕೋಶದ ರೋಗವೇ. ಮೈಸೂರು ಸೀಮೆಗೆ ಕ್ಷಯದ ನೋವು ಹೊಸದಲ್ಲ. ಅರಮನೆಯನ್ನೂ ಅದು ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿಯವರು ಈ ರೋಗಕ್ಕೆ ಬಲಿಯಾದರು. ಅವರ ನೆನಪಿಗೆ ಮಹಾರಾಜರು 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗ ಆಸ್ಪತ್ರೆ ತೆರೆದರು. ನಮ್ಮ ಹಿರಿಯರು ಪಿ.ಕೆ. ಸ್ಯಾನಿಟೋರಿಯಂ ಎಂದು ಕರೆಯುವುದು ಅದನ್ನೇ. ನಮ್ಮ ಎರಡೂ ತಾಲ್ಲೂಕುಗಳಿಂದ ಎಷ್ಟೋ ಮನೆಯವರು ಅಲ್ಲಿಗೆ ಬುತ್ತಿ ಹೊತ್ತು ನಡೆದಿದ್ದಾರೆ. ಕ್ಷಯ ಇರುವವರಲ್ಲಿ ಕಿರುತಟ್ಟೆಯ ಎಣಿಕೆ ಏರಿರುವುದನ್ನು ನಾವು ಆಗಾಗ ನೋಡುತ್ತೇವೆ. ಶ್ವಾಸಕೋಶದ ಉರಿಯೂತಕ್ಕೂ ಅಂಗಾಂಶ ನಾಶಕ್ಕೂ ಕಿರುತಟ್ಟೆಗಳು ಹೇಗೆ ಇಂಬು ಕೊಡುತ್ತವೆ ಎಂಬುದನ್ನು 2018ರಲ್ಲಿ ಬಂದ ಅಧ್ಯಯನವೊಂದು ವಿವರಿಸಿದೆ.

ಶತ್ರುವೂ ಸುಮ್ಮನೆ ಕೂರುವುದಿಲ್ಲ. ನ್ಯುಮೋಕಾಕಸ್ ಒಂದು ಬಗೆಯ ನಂಜನ್ನು ಬಿಡುತ್ತದೆ. ಅದು ಕಿರುತಟ್ಟೆಯ ಪೊರೆಗೆ ತೂತು ಕೊರೆದು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಅಂದರೆ ಎಣಿಕೆಯಲ್ಲಿ ಕಿರುತಟ್ಟೆ ಇದ್ದರೂ ಕೆಲಸ ಮಾಡುವ ಶಕ್ತಿ ಉಳಿದಿರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಹುಡುಗ ತರಗತಿಯಲ್ಲಿದ್ದಾನೆ ಎಂದು ಹೇಳಲಾಗದು, ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು.

ಸಂಖ್ಯೆಯ ಹಿಂದೆ ಬಿದ್ದಾಗ

ಈಗ ನಮ್ಮ ಊರುಗಳ ಮಾತಿಗೆ ಬರುತ್ತೇನೆ. ನಾನು ಕೆಲಸ ಮಾಡಿದ ಕಡೆ ಕಂಡ ಒಂದು ಪ್ರಸಂಗ. ಐವತ್ತು ದಾಟಿದ ರೈತರೊಬ್ಬರು. ನಾಲ್ಕು ದಿನದಿಂದ ಜ್ವರ, ಕೆಮ್ಮು. ಸಕ್ಕರೆ ಕಾಯಿಲೆಯೂ ಇತ್ತು. ಮೊದಲ ದಿನ ರಕ್ತ ಪರೀಕ್ಷೆ ಮಾಡಿಸಿದಾಗ ಪ್ಲೇಟ್‌ಲೆಟ್ 82,000. ‘ಡೆಂಗಿಯೇ ಇರಬೇಕು’ ಎಂದು ಮನೆಯವರು ತೀರ್ಮಾನಿಸಿದರು. ದಿನಕ್ಕೆ ಎರಡು ಸಲ ರಕ್ತ ಕೊಟ್ಟು ಎಣಿಕೆ ಮಾಡಿಸಿದರು, ಪರಂಗಿ ಎಲೆಯ ರಸ ಕುಡಿಸಿದರು. ಮೂರನೆಯ ದಿನ ಎಣಿಕೆ 90,000ಕ್ಕೆ ಏರಿದ್ದು ಕಂಡು ಸಮಾಧಾನಪಟ್ಟರು. ಅಷ್ಟರಲ್ಲಿ ಆ ಮನುಷ್ಯನಿಗೆ ಒಂದು ವಾಕ್ಯ ಪೂರ್ತಿ ಮಾತನಾಡಲು ಉಸಿರು ಸಾಲುತ್ತಿರಲಿಲ್ಲ. ನಾಲ್ಕನೆಯ ದಿನ ಎದೆಯ ಎಕ್ಸ್‌ರೇ ತೆಗೆದರೆ ಬಲಗಡೆಯ ಕೆಳಭಾಗ ಪೂರ್ತಿ ಬೆಳ್ಳಗೆ. ಅದು ಡೆಂಗಿಯಲ್ಲ, ಬ್ಯಾಕ್ಟೀರಿಯಾದ ನ್ಯುಮೋನಿಯಾ. ಸೋಂಕು ರಕ್ತಕ್ಕೆ ಏರಿತ್ತು, ಕಿರುತಟ್ಟೆ ಇಳಿದದ್ದು ಅದರಿಂದ. ಆತ ಬದುಕಿದರು, ಆದರೆ ಮೂರು ವಾರ ಆಸ್ಪತ್ರೆಯಲ್ಲಿದ್ದರು, ಹಟ್ಟಿಯಲ್ಲಿದ್ದ ಎರಡು ಹಸು ಮಾರಿಹೋದವು. ಮೊದಲ ದಿನವೇ ಆ್ಯಂಟಿಬಯಾಟಿಕ್ ಸಿಕ್ಕಿದ್ದರೆ ಬಹುಶಃ ಇಷ್ಟು ಆಗುತ್ತಿರಲಿಲ್ಲ.

ಆ ಮನೆಯವರು ಅಲಕ್ಷ್ಯ ಮಾಡಿದವರಲ್ಲ. ಅವರು ಬಹಳ ಕಾಳಜಿಯಿಂದ ನೋಡಿಕೊಂಡರು, ದುಡ್ಡೂ ಖರ್ಚು ಮಾಡಿದರು. ಆದರೆ ಅವರು ಎಣಿಸಿದ್ದು ಪ್ಲೇಟ್‌ಲೆಟ್ಟನ್ನು, ಎಣಿಸದೆ ಬಿಟ್ಟದ್ದು ಉಸಿರನ್ನು. ಪ್ಲೇಟ್‌ಲೆಟ್ ಇಳಿಯುವುದು ಒಂದು ಕೂಗು. ಕೂಗು ಕೇಳಿದಾಗ ‘ಎಲ್ಲಿಂದ ಬಂತು, ಏಕೆ ಬಂತು’ ಎಂದು ಹೋಗಿ ನೋಡಬೇಕು. ಕೂಗುವವನ ಬಾಯಿ ಮುಚ್ಚಿಸಿದ ಮಾತ್ರಕ್ಕೆ ಹಂದಿ ಗದ್ದೆ ಬಿಟ್ಟು ಹೋಗುವುದಿಲ್ಲ. ಡೆಂಗಿ, ಮಲೇರಿಯಾ, ಇಲಿಜ್ವರ, ನ್ಯುಮೋನಿಯಾ, ರಕ್ತದ ನಂಜು, ಇಷ್ಟರಲ್ಲಿ ಯಾವುದರಿಂದಲೂ ಕಿರುತಟ್ಟೆ ಇಳಿಯಬಹುದು.

ಇನ್ನೊಂದು ಮಾತು ನನ್ನ ಕಸುಬಿಗೆ ಸೇರಿದ್ದು. ಕೆಲವರ ರಕ್ತದಲ್ಲಿ, ಅದನ್ನು ಹೆಪ್ಪುಗಟ್ಟದಂತೆ ಇಡುವ ನಳಿಕೆಯ ಔಷಧಿಯಿಂದಲೇ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಯಂತ್ರ ಆ ಗಂಟನ್ನು ಸರಿಯಾಗಿ ಎಣಿಸಲಾರದು, ಇಲ್ಲದ ಕೊರತೆಯನ್ನು ತೋರಿಸುತ್ತದೆ. ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಕಣ್ಣಿನಿಂದ ನೋಡಿದರೆ ನಿಜ ಗೊತ್ತಾಗುತ್ತದೆ. ರೋಗಿ ಚೆನ್ನಾಗಿದ್ದು ಎಣಿಕೆ ಮಾತ್ರ ಪಾತಾಳಕ್ಕೆ ಇಳಿದಿದ್ದರೆ, ‘ಸ್ಮಿಯರ್ ನೋಡಿದ್ದೀರಾ?’ ಎಂದು ಕೇಳುವುದು ನಿಮ್ಮ ಹಕ್ಕು.

ಒಲೆಯ ಹೊಗೆ

ಶ್ವಾಸಕೋಶದ ಕಾವಲನ್ನು ದುರ್ಬಲ ಮಾಡುವುದು ಯಾವುದು? ಬೀಡಿ, ಸಿಗರೇಟು ಎಂದು ಎಲ್ಲರೂ ಹೇಳುತ್ತೀರಿ. ಅದು ನಿಜ. ಆದರೆ ಬೀಡಿ ಮುಟ್ಟದ ನಮ್ಮ ಅವ್ವಂದಿರ ಎದೆಯೇಕೆ ಗೊರಗೊರ ಎನ್ನುತ್ತದೆ? ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಮತ್ತು ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಈ ಪ್ರಶ್ನೆ ಕೇಳಿದರು. ಅವರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವರ ಲೆಕ್ಕ ಸರಳ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂರುತ್ತೀರಿ, ಎಷ್ಟು ವರ್ಷದಿಂದ ಕೂರುತ್ತಿದ್ದೀರಿ, ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಅಡುಗೆ ಮಾಡಿದರೆ ಸಾಕು, 60 ಆಯಿತು. ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು ನಲವತ್ತು ತುಂಬುವ ಮೊದಲೇ ಅಲ್ಲಿಗೆ ಮುಟ್ಟುತ್ತಾಳೆ.

ಹೊಗೆ ಶ್ವಾಸನಾಳದ ಒಳಗಿನ ಕಸ ಗುಡಿಸುವ ರೋಮಗಳನ್ನು ಕೆಡಿಸುತ್ತದೆ. ಆಮೇಲೆ ಬ್ಯಾಕ್ಟೀರಿಯಾಗೆ ಒಳಗೆ ನೆಲೆ ನಿಲ್ಲುವುದು ಸಲೀಸು. ಈಗ ಬಹಳ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದಿದೆ. ಆದರೆ ಸ್ನಾನದ ನೀರಿನ ಹಂಡೆಗೆ ಇನ್ನೂ ಸೌದೆ, ತೆಂಗಿನ ಗರಿ, ಕೆಲವು ಕಡೆ ಪ್ಲಾಸ್ಟಿಕ್ ಕೂಡ ಉರಿಯುತ್ತದೆ. ಆ ಒಲೆಗೊಂದು ಹೊಗೆಗೂಡು ಹಾಕಿಸಿ. ಪ್ಲಾಸ್ಟಿಕ್ ಉರಿಸುವುದನ್ನು ಇವತ್ತಿನಿಂದಲೇ ಬಿಡಿ.

ಮಕ್ಕಳ ಪ್ರಶ್ನೆಗಳು

ಮಕ್ಕಳಿಂದ ಬರೆಸಿದ ಚೀಟಿಗಳನ್ನು ವಿಜ್ಞಾನ ಮೇಡಂ ನನಗೆ ಕೊಟ್ಟಿದ್ದಾರೆ. ಮೂರನ್ನು ಆರಿಸಿಕೊಂಡಿದ್ದೇನೆ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ: ‘ಪರಂಗಿ ಎಲೆ ರಸ ಕುಡಿದರೆ ಪ್ಲೇಟ್‌ಲೆಟ್ ಜಾಸ್ತಿಯಾಗುತ್ತದಾ ಸರ್?’ ಡೆಂಗಿಯಲ್ಲಿ ಎಣಿಕೆ ಸ್ವಲ್ಪ ಬೇಗ ಏರಬಹುದು ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಆದರೆ ನ್ಯುಮೋನಿಯಾದ ಬ್ಯಾಕ್ಟೀರಿಯಾ ಅದರಿಂದ ಸಾಯುವುದಿಲ್ಲ. ಅಜ್ಜಿ ರಸ ಕೊಟ್ಟರೆ ಅಜ್ಜಿಯ ಜೊತೆ ಜಗಳವಾಡಬೇಡ, ಆದರೆ ಆಸ್ಪತ್ರೆಗೆ ಹೋಗುವುದನ್ನು ಅದಕ್ಕಾಗಿ ಒಂದು ಗಂಟೆಯೂ ತಡ ಮಾಡಬೇಡ.

ಹತ್ತನೇ ತರಗತಿಯ ಹುಡುಗನ ಪ್ರಶ್ನೆ: ‘ನ್ಯುಮೋನಿಯಾ ಬಂದವರಿಗೆ ಬೇರೆಯವರ ಪ್ಲೇಟ್‌ಲೆಟ್ ಕೊಟ್ಟರೆ ಬೇಗ ವಾಸಿಯಾಗುವುದಿಲ್ಲವೇ?’ ಬಹಳ ಒಳ್ಳೆಯ ಪ್ರಶ್ನೆ. ಇವತ್ತಿನ ಮಟ್ಟಿಗೆ ಹಾಗೆ ಕೊಡುವ ಪದ್ಧತಿ ಇಲ್ಲ. ರಕ್ತಸ್ರಾವವಾಗುತ್ತಿದ್ದರೆ, ಇಲ್ಲವೇ ಎಣಿಕೆ ತೀರಾ ಕೆಳಗೆ ಹೋಗಿ ರಕ್ತಸ್ರಾವದ ಅಪಾಯವಿದ್ದರೆ ಮಾತ್ರ ಕೊಡುತ್ತಾರೆ. ಕಾವಲುಗಾರ ಹೆಚ್ಚಾದರೂ ತೊಂದರೆ ಎಂದು ಆಗಲೇ ಹೇಳಿದೆನಲ್ಲ. ಎಲ್ಲಿ ರಕ್ಷಣೆ ಮುಗಿದು ಎಲ್ಲಿ ಹಾನಿ ಶುರುವಾಗುತ್ತದೆ ಎಂಬುದು ಸಂಶೋಧನೆಗೆ ಉಳಿದಿರುವ ವಿಷಯ. ಈ ಜಮಖಾನದ ಮೇಲೆ ಕುಳಿತಿರುವ ಯಾರಾದರೂ ಅದಕ್ಕೆ ಉತ್ತರ ಹುಡುಕಲಿ.

ಮೂರನೆಯದು: ‘ಉಸಿರನ್ನು ಎಣಿಸುವುದು ಹೇಗೆ?’ ಇದಕ್ಕೆ ಯಾವ ಯಂತ್ರವೂ ಬೇಡ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ ಎದೆ ಹೊಟ್ಟೆ ನೋಡಿ. ಒಂದು ಸಲ ಮೇಲೆದ್ದು ಕೆಳಗಿಳಿದರೆ ಒಂದು ಉಸಿರು. ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ 108ಕ್ಕೆ ಕರೆ ಮಾಡಿ. ದೊಡ್ಡವರಲ್ಲಿ ನಿಮಿಷಕ್ಕೆ 30 ಮುಟ್ಟಿದರೆ ಅದು ಗಂಭೀರ. ಕೆಮ್ಮು ಜ್ವರದ ಜೊತೆ ಗೊಂದಲ, ಮಾತಿನ ತಡವರಿಕೆ ಬಂದರಂತೂ ಕಾಯಲೇಬಾರದು. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಮಂಕುತನದಿಂದಲೂ ನ್ಯುಮೋನಿಯಾ ಶುರುವಾಗಬಹುದು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ನಂಜನಗೂಡಿನ ಹೆಸರು ರಾಜ್ಯಕ್ಕೆಲ್ಲ ಕೇಳಿಸಿತು. ಆ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಂತು. ಅದು ಈಗ ಬೀರುವಿನಲ್ಲಿ ಮಲಗಿದೆ. ಹೊರಗೆ ತೆಗೆದು ಹೊಸ ಬ್ಯಾಟರಿ ಹಾಕಿಡಿ. 94ಕ್ಕಿಂತ ಕೆಳಗೆ ತೋರಿಸಿದರೆ ವೈದ್ಯರ ಬಳಿಗೆ ಹೋಗಿ.

ನಮ್ಮಿಂದ ಆಗುವ ಕೆಲಸ

ಮುಗಿಸುವ ಮೊದಲು ಹಳೆಯ ವಿದ್ಯಾರ್ಥಿ ಸಂಘಕ್ಕೂ ಊರಿಗೂ ಮೂರು ಕೋರಿಕೆ.

ಒಂದು, ಲಸಿಕೆ. ನ್ಯುಮೋಕಾಕಸ್ ವಿರುದ್ಧದ ಪಿ.ಸಿ.ವಿ. ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಸರ್ಕಾರದಿಂದಲೇ ಉಚಿತವಾಗಿ ಸಿಗುತ್ತಿದೆ. ಮಗುವಿಗೆ 6 ವಾರ, 14 ವಾರ ಮತ್ತು 9 ತಿಂಗಳು ತುಂಬಿದಾಗ ಹಾಕಿಸಬೇಕು. ಎರಡು ಹಾಕಿಸಿ ಮೂರನೆಯದನ್ನು ಮರೆಯಬೇಡಿ. ಆಶಾ ಕಾರ್ಯಕರ್ತೆಯರು ಬಾಗಿಲಿಗೆ ಬಂದಾಗ ತಾಯಿ ಕಾರ್ಡ್ ತೋರಿಸಿ ಕೇಳಿ. ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ಕಾಯಿಲೆ ಇರುವ ಹಿರಿಯರಿಗೂ ನ್ಯುಮೋನಿಯಾ ಲಸಿಕೆ ಇದೆ. ನಿಮ್ಮ ವೈದ್ಯರನ್ನು ಕೇಳಿ.

ಎರಡು, ದಾನಿಗಳ ಪಟ್ಟಿ. ಕೆಂಪು ರಕ್ತಕಣಗಳನ್ನು ತಣ್ಣಗೆ ವಾರಗಟ್ಟಲೆ ಇಡಬಹುದು. ಕಿರುತಟ್ಟೆಗಳನ್ನು 20ರಿಂದ 24 ಡಿಗ್ರಿ ಉಷ್ಣತೆಯಲ್ಲಿ ಸದಾ ಅಲುಗಾಡಿಸುತ್ತಾ ಇಡಬೇಕು. ಆದರೂ ಅವು ಉಳಿಯುವುದು 5 ದಿನ ಮಾತ್ರ. ಹಾಗಾಗಿ ಕೂಡಿಡಲು ಬರುವುದಿಲ್ಲ, ಬೇಕಾದಾಗ ಕೊಡುವ ಜನ ಬೇಕು. ಐವತ್ತು ವರ್ಷದಲ್ಲಿ ಈ ಶಾಲೆಯಿಂದ ಹೊರಗೆ ಹೋದವರು ಸಾವಿರಾರು ಮಂದಿ. ಮೈಸೂರಿಗೆ ಒಂದು ಗಂಟೆಯಲ್ಲಿ ಹೋಗಬಲ್ಲ ಐವತ್ತು ಜನರ ಹೆಸರು, ರಕ್ತದ ಗುಂಪು ಬರೆದ ಒಂದು ಪಟ್ಟಿ ಸಂಘದ ಕಾರ್ಯದರ್ಶಿಗಳ ಬಳಿ ಇದ್ದರೆ ಎಷ್ಟೋ ಮನೆಗಳಿಗೆ ಧೈರ್ಯ ಬರುತ್ತದೆ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಮೂರನೆಯದು ಮಕ್ಕಳಿಗೆ. ಇವತ್ತು ಸಂಜೆ ಮನೆಗೆ ಹೋಗಿ ಅಜ್ಜನದೋ ಅಜ್ಜಿಯದೋ ಉಸಿರನ್ನು ಒಂದು ನಿಮಿಷ ಎಣಿಸಿ, ಪುಸ್ತಕದಲ್ಲಿ ಬರೆದಿಡಿ. ಆರೋಗ್ಯವಾಗಿರುವಾಗ ಎಷ್ಟಿರುತ್ತದೆ ಎಂದು ಗೊತ್ತಿದ್ದರೆ ತಾನೇ ಕೆಟ್ಟಾಗ ಗೊತ್ತಾಗುವುದು? ಅಕ್ಷರ ಬಾರದ ಮನೆಗಳಿಗೆ ಕಾಗದ ಓದಿ ಹೇಳುವ ಕೆಲಸವನ್ನು ಈ ಶಾಲೆಯ ಮೊದಲ ತಂಡದ ಮಕ್ಕಳು ಮಾಡಿದರು ಎಂದು ಹಿರಿಯರು ಹೇಳುತ್ತಾರೆ. ಲ್ಯಾಬಿನ ವರದಿಯನ್ನು, ಮನೆಯವರ ಉಸಿರನ್ನು ಓದಿ ಹೇಳುವ ಕೆಲಸ ನಿಮ್ಮ ಪಾಲಿಗೆ ಬಂದಿದೆ.

ಮುಂದಿನ ಸಲ ಯಾರ ಮನೆಯಲ್ಲಾದರೂ ‘ಪ್ಲೇಟ್‌ಲೆಟ್ ಎಷ್ಟು?’ ಎಂಬ ಮಾತು ಬಂದರೆ, ‘ಉಸಿರು ಹೇಗಿದೆ?’ ಎಂದೂ ಕೇಳಿ. ಇಷ್ಟು ನೆನಪಿಟ್ಟುಕೊಂಡರೆ ನನ್ನ ಮಾತು ಸಾರ್ಥಕ.